ಹೆಪ್ಪಿಗೆ ಅರ್ಧ ಅಂಕ

ಆರನೇ ಕ್ಲಾಸಿನ ಮಗ ವಿಜ್ಞಾನದ ಟೆಸ್ಟ್ ಪೇಪರನ್ನು ತಂದು, ನಾನು ಹೆಚ್ಚುತ್ತಿದ್ದ ಬೀನ್ಸ್ ಮೇಲೇ ಎಸೆದ. ನಾಲ್ಕು ಜೀವಿಗಳನ್ನು ಹೆಸರಿಸಿ ಅಂತ ಪ್ರಶ್ನೆ. ನಾಯಿ, ಮಾವಿನ ಮರ, ಜಿರಲೆ ಆದಮೇಲೆ ನಾಲ್ಕನೆಯದಾಗಿ ‘ಹೆಪ್ಪು’ ಅಂತ ಬರೆದಿದ್ದ. ಅದರ ಮೇಲೆ ಕೆಂಪು ಗೀಟು. ಅರ್ಧ ಅಂಕ ಕಟ್.

“ನೀನೇ ಹೇಳಿದ್ದಲ್ವಾ ಅಮ್ಮಾ, ಅಪ್ಪ ಬಿಸಿ ಹಾಲು ಸುರಿದು ಹೆಪ್ಪನ್ನ ಸಾಯಿಸಿಬಿಟ್ರು ಅಂತ? ಜೀವ ಇಲ್ದೆ ಸಾಯೋದು ಹೇಗೆ?”

ಹೇಳಿದ್ದು ನಿಜ. ಅವತ್ತು ಅದಕ್ಕಿಂತ ಜಾಸ್ತಿಯೇ ಹೇಳಿದ್ದೆ, ಅವನಪ್ಪನಿಗೆ.

ಜೀವಿಗಳ ಏಳು ಲಕ್ಷಣಗಳನ್ನು ಮಗ ಮಗ್ಗಿ ಹಾಗೆ ಒಪ್ಪಿಸುತ್ತಾನೆ. ನೀವೂ ಒಪ್ಪಿಸಿರುತ್ತೀರಿ, ಬಿಡಿ. ನನಗೆ ಸಿಟ್ಟು ಬರುವುದು ಆ ಗೀಟಿನ ಗಟ್ಟಿತನಕ್ಕೆ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಖರ್ಜೂರದ ಬೀಜವೊಂದು ಸುಮಾರು 2000 ವರ್ಷ ಸುಮ್ನೆ ಬಿದ್ದುಕೊಂಡಿತ್ತು. 2005ರಲ್ಲಿ ನೆಟ್ಟರೆ ಮೊಳಕೆ ಒಡೆಯಿತು. ಅದಕ್ಕೂ ಮುಂಚೆ ಅದನ್ನು ಜೀವಿ ಅಂತ ಬರೆದಿದ್ದರೆ ಅಂಕ ಸಿಗುತ್ತಿತ್ತಾ?

ಹೆಪ್ಪೇನು ಹಾಗೆ ಸುಮ್ನೆ ಬಿದ್ದಿರುವ ಪೈಕಿ ಅಲ್ಲ. 1905ರಲ್ಲೇ ಸ್ಟಾಮೆನ್ ಗ್ರಿಗೊರೋವ್ ಎಂಬಾತ ಜಿನೀವಾದಲ್ಲಿ ಕೂತು ತನ್ನ ಬಲ್ಗೇರಿಯಾದ ಮೊಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗಿನ ಕಡ್ಡಿಯಂಥ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದ. ಅವು ಹಾಲಿನ ಸಕ್ಕರೆ ತಿಂದು ಹುಳಿಯನ್ನು ಹೊರಗೆ ಬಿಡುತ್ತವೆ. ಪಾಠದಲ್ಲಿ ವಿಸರ್ಜನೆ ಅಂತ ಬರುತ್ತಲ್ಲ, ಅದನ್ನೇ ನಾವು ಅನ್ನಕ್ಕೆ ಕಲಸಿಕೊಂಡು ಉಪ್ಪಿನಕಾಯಿ ನಂಚಿಕೊಳ್ಳುವುದು. ಇದನ್ನು ಮಗನಿಗೆ ಹೇಳಬಾರದಿತ್ತು. ಎರಡು ದಿನ ಮೊಸರು ಮುಟ್ಟಲಿಲ್ಲ.

ಬಾಕಿ ಉಳಿದದ್ದು ಚಲನೆ. ನಮ್ಮ ಹೆಪ್ಪು ಚಲಿಸಿದ್ದು ಬಸ್ಸಿನಲ್ಲಿ.

ಮದುವೆಯಾದ ಹೊಸತರಲ್ಲಿ ಅತ್ತೆ ಸಾಗರದಿಂದ ಹೊರಡುವಾಗ ಸಣ್ಣ ಸ್ಟೀಲ್ ಡಬ್ಬಿಗೆ ಹೆಪ್ಪು ಹಾಕಿ, ಬಟ್ಟೆ ಸುತ್ತಿ ಕೈಗಿತ್ತರು. “ಬೆಂಗಳೂರಲ್ಲಿ ಮೊಸರು ಸಿಗುತ್ತೆ ಅತ್ತೆ” ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ರಾತ್ರಿ ಬಸ್ಸು. ಡಬ್ಬಿ ತೊಡೆಯ ಮೇಲೆ. ಅರಸೀಕೆರೆ ದಾಟಿದ ಮೇಲೆ ಒಂದು ಹಂಪ್‌ಗೆ ಬಸ್ಸು ಎಗರಿತು, ಮುಚ್ಚಳ ಹಾರಿತು. ಹೆಪ್ಪು ಪಕ್ಕದ ಹಿರಿಯರ ಬಿಳಿ ಪಂಚೆಯ ಮೇಲೆ. ನನಗೆ ಅಳುವೇ ಬಂತು. ಅವರು ನಿದ್ದೆಗಣ್ಣಲ್ಲೇ ಬೆರಳಿನಿಂದ ಒರೆಸಿ, ಮೂಸಿ, “ಹುಳಿ ಬಂದಿದೆ ಮಗಾ, ಇಳಿದ ತಕ್ಷಣ ಹಾಲಿಗೆ ಹಾಕು” ಅಂದು ಮತ್ತೆ ಮಲಗಿದರು.

ಡಬ್ಬಿಯ ತಳದಲ್ಲಿ ಅರ್ಧ ಚಮಚ ಉಳಿದಿತ್ತು. ಹದಿನಾಲ್ಕು ವರ್ಷ ಅದೇ ಅರ್ಧ ಚಮಚದ ಸಂತಾನ ನಮ್ಮನೆಯಲ್ಲಿ. ಚಳಿಗಾಲದಲ್ಲಿ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು ಕಾಪಾಡಿದ್ದೇನೆ. ಮಗನಿಗೂ ಅಷ್ಟು ಬೆಚ್ಚಗೆ ಹೊದಿಸಿದ ನೆನಪಿಲ್ಲ.

ಕೆಳಗಿನ ಮನೆಯವರು ತಿಂಗಳಿಗೆರಡು ಸಲ ಬಟ್ಟಲು ಹಿಡಿದು ಬರುತ್ತಿದ್ದರು. ಬರುವುದು ಬರಲಿ, ಉಳಿದ ಮೊಸರನ್ನೆಲ್ಲ ಮಜ್ಜಿಗೆ ಕಡೆದು ಕುಡಿದುಬಿಡುವುದು ಯಾವ ನ್ಯಾಯ? ಒಂದು ಚಮಚ ಎತ್ತಿಡುವುದಕ್ಕೆ ಏನು ಕಷ್ಟ? ಮೂರು ಸಲ ಅವರ ಬಟ್ಟಲು ಮರೆತು ಬಂದು ನನ್ನದನ್ನೇ ಒಯ್ದರು. ಮೂರೂ ವಾಪಸ್ ಬರಲಿಲ್ಲ.

ಹೋದ ತಿಂಗಳು ನಾನು ಊರಿಗೆ ಹೋದಾಗ ಆ ಬಿಸಿ ಹಾಲಿನ ಪ್ರಸಂಗ ನಡೆಯಿತು. ಅತ್ತೆಗೆ ಫೋನ್ ಮಾಡಿದರೆ, “ಈಗ ನಾನೂ ಪ್ಯಾಕೆಟ್ ತರಿಸೋದು ಕಣೇ, ಯಾರಿಗೆ ಬೇಕು ರಗಳೆ” ಎಂದರು. ಹದಿನಾಲ್ಕು ವರ್ಷ!

ಉಳಿದದ್ದು ಒಂದೇ ದಾರಿ. ಬಟ್ಟಲು ಹಿಡಿದು ಮೆಟ್ಟಿಲಿಳಿದೆ.

“ಅಯ್ಯೋ, ಅದಕ್ಕೇನಂತೆ” ಎಂದು ಕೆಳಗಿನವರು ಫ್ರಿಜ್ ತೆಗೆದರು. “ನಮ್ಮನೆ ಹೆಪ್ಪು ಒಳ್ಳೇದು ರೀ. ಗಡ್ಡೆ ಮೊಸರಾಗುತ್ತೆ.”

ನಮ್ಮನೆ ಹೆಪ್ಪಂತೆ! ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ನನ್ನ ಬಟ್ಟಲನ್ನು ನೋಡಲೇ ಇಲ್ಲ. ಶೆಲ್ಫಿನಿಂದ ಒಂದನ್ನು ತೆಗೆದು, ಎರಡು ಚಮಚ ಹಾಕಿಕೊಟ್ಟರು. ಅಂಚಿನಲ್ಲಿ ನನ್ನ ಗಂಡನ ಹೆಸರಿನ ಮೊದಲಕ್ಷರ ಕೆತ್ತಿತ್ತು.

“ಬಟ್ಟಲು ಮಾತ್ರ ನಾಳೆನೇ ಕೊಟ್ಟುಬಿಡಿ” ಎಂದರು.