ಶಾಸಕರೊಬ್ಬರ ಮತಕ್ಕೆ 131 ಎಂಬ ಬೆಲೆ ಬಂದದ್ದು ಹೇಗೆ?

ರಾಷ್ಟ್ರಪತಿ ಚುನಾವಣೆ ಹತ್ತಿರ ಬಂದಾಗಲೆಲ್ಲ ನನ್ನ ಪರಿಚಿತರಲ್ಲಿ ಒಬ್ಬರಾದರೂ, ದೇಶದ ಪ್ರಥಮ ಪ್ರಜೆಯನ್ನು ಉಳಿದ ಪ್ರಜೆಗಳೇ ಏಕೆ ಆರಿಸಬಾರದು ಎಂದು ಕೇಳುತ್ತಾರೆ. ಸಂವಿಧಾನ ರಚನಾ ಸಭೆಯಲ್ಲಿ ಕೆ. ಟಿ. ಷಾ ಅವರೂ ಇದನ್ನೇ ಕೇಳಿದ್ದರು. ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲಿರುವಾಗ, ಇಡೀ ದೇಶದ ಮತ ಪಡೆದು ಬಂದವರಿಗೆ ಅಧಿಕಾರವನ್ನೇ ಕೊಡದಿರುವುದು ಅಸಂಗತವಾಗುತ್ತದೆ ಎಂಬುದು ನೆಹರೂ ಅವರ ನಿಲುವಾಗಿತ್ತು. ಆ ನಿಲುವು ನನಗೆ ಇಂದಿಗೂ ಒಪ್ಪಿಗೆ. ಕೋಟ್ಯಂತರ ಮತಗಳಿಂದ ಗೆದ್ದವರು ಮಂತ್ರಿಮಂಡಲದ ಸಲಹೆಗೆ ಸಹಿ ಹಾಕುತ್ತ ಸುಮ್ಮನೆ ಕೂರುತ್ತಾರೆಂದು ನಂಬುವುದು ಕಷ್ಟ.

ನನ್ನ ತಕರಾರು ಇರುವುದು ಪರೋಕ್ಷ ಚುನಾವಣೆಯ ಬಗ್ಗೆ ಅಲ್ಲ, ಅದರ ಲೆಕ್ಕದ ಬಗ್ಗೆ. ಸಂಸದರಷ್ಟೇ ಆರಿಸಿದರೆ ರಾಷ್ಟ್ರಪತಿ ದೆಹಲಿಯ ಬಹುಮತದ ಆಳಾಗಬಹುದೆಂದು ವಿಧಾನಸಭೆಗಳ ಚುನಾಯಿತ ಸದಸ್ಯರನ್ನೂ ಮತದಾರ ಗಣಕ್ಕೆ ಸೇರಿಸಲಾಯಿತು. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ಸಿಗುತ್ತದೆ. ಕರ್ನಾಟಕದಲ್ಲಿ ಅದು 131, ಉತ್ತರ ಪ್ರದೇಶದಲ್ಲಿ 208, ಸಿಕ್ಕಿಂನಲ್ಲಿ ಬರೀ 7. ಆದರೆ ಇಲ್ಲಿ ಜನಸಂಖ್ಯೆಯೆಂದರೆ 1971ರ ಜನಸಂಖ್ಯೆ. 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕಾಗದದಲ್ಲಿ ಕರ್ನಾಟಕ ಇನ್ನೂ 2.93 ಕೋಟಿ ಜನರ ರಾಜ್ಯ. 2011ರ ಗಣತಿಯ 6.11 ಕೋಟಿಯನ್ನು ಹಿಡಿದರೆ ನಮ್ಮ ಶಾಸಕರ ಮತ 273 ಆಗುತ್ತದೆ, ಉತ್ತರ ಪ್ರದೇಶದವರದು 496.

ಈ ತಡೆಯ ಹಿಂದಿರುವ, ಜನಸಂಖ್ಯೆಯನ್ನು ಹತೋಟಿಗೆ ತಂದ ರಾಜ್ಯಗಳಿಗೆ ಅನ್ಯಾಯವಾಗಬಾರದೆಂಬ ಕಾಳಜಿ ಲೋಕಸಭೆಯ ಸೀಟು ಹಂಚಿಕೆಯಲ್ಲಿ ನ್ಯಾಯವಾದದ್ದು, ಅದರ ಪರವಾಗಿ ನಾನೂ ವಾದಿಸಿದ್ದೇನೆ. ಹಳೆಯ ಲೆಕ್ಕದಿಂದ ಕರ್ನಾಟಕಕ್ಕೆ ತುಸು ಲಾಭವೇ ಇದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ಹಂಚಿಕೊಳ್ಳಲು ಏನೂ ಇಲ್ಲದ ಒಂದೇ ಒಂದು ಹುದ್ದೆಯ ಚುನಾವಣೆಗೂ ಅರ್ಧ ಶತಮಾನದ ಹಿಂದಿನ ಜನರನ್ನೇ ಎಣಿಸುತ್ತ ಕೂರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಈ ಪದ್ಧತಿ ಪಕ್ಷ ರಾಜಕೀಯವನ್ನು ದೂರವಿಡುತ್ತದೆ ಎಂಬ ಮಾತನ್ನು ಬೆಂಗಳೂರಿನವರಂತೂ ಆಡಬಾರದು. 1969ರ ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಅವರನ್ನು ಕಾಂಗ್ರೆಸ್ ಅಭ್ಯರ್ಥಿಯೆಂದು ತೀರ್ಮಾನಿಸಿದ್ದು ಈ ಊರಿನಲ್ಲೇ, ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ, ಪಕ್ಷದ ಅಭ್ಯರ್ಥಿಗೇ ಕಟ್ಟುಬೀಳದೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಅಭ್ಯರ್ಥಿಗಳನ್ನು 1, 2 ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುವ ಈ ಚುನಾವಣೆಯಲ್ಲಿ, ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಯಾರಿಗೂ ಬಹುಮತ ಬಾರದೆ, ಎರಡನೇ ಪ್ರಾಶಸ್ತ್ಯದ ಮತಗಳೂ ಸೇರಿದ ಮೇಲೆ ಪಕ್ಷೇತರರಾಗಿ ನಿಂತಿದ್ದ ವಿ. ವಿ. ಗಿರಿ 4,20,077 ಪಡೆದು ಗೆದ್ದರು, ರೆಡ್ಡಿ 4,05,427ಕ್ಕೆ ನಿಂತರು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಇಬ್ಭಾಗವಾಯಿತು. ಹಾಗಿದ್ದೂ ಈ ಚುನಾವಣೆಯಲ್ಲಿ ವಿಪ್, ಅಂದರೆ ಇಂಥವರಿಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇಲ್ಲದಿರುವುದು ಮತ್ತು ಮತ ಗುಪ್ತವಾಗಿರುವುದು ನನಗೆ ಇಷ್ಟವಾದ ಸಂಗತಿಗಳೇ.

ಎಲ್ಲಕ್ಕಿಂತ ವಿಚಿತ್ರವಾದದ್ದು, ಮತ್ತು ಯಾರೂ ಅಷ್ಟಾಗಿ ಮಾತಾಡದ್ದು, ಮಹಾಭಿಯೋಗದ ನಿಯಮ. ರಾಷ್ಟ್ರಪತಿಯನ್ನು ತೆಗೆಯುವ ಅಧಿಕಾರ ಸಂಸತ್ತಿನ ಎರಡು ಸದನಗಳಿಗೆ ಮಾತ್ರ ಇದೆ, ಅದೂ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತದಿಂದ. ಆರಿಸುವಾಗ ಮತವಿಲ್ಲದ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಿಗೆ ತೆಗೆಯುವಾಗ ಮತವಿದೆ. 2022ರಲ್ಲಿ ಒಟ್ಟು 10,86,431 ಮತಮೌಲ್ಯದಲ್ಲಿ 5,43,231ನ್ನು ಹೊತ್ತಿದ್ದ ದೇಶದ ಶಾಸಕರೆಲ್ಲರೂ, ಅಂಥದೊಂದು ದಿನ ಬಂದರೆ, ಟಿವಿಯ ಮುಂದೆ ಕುಳಿತು ನೋಡಬೇಕು.