ಗೀರಿಗೊಂದು ಪ್ರಮಾಣಪತ್ರ

ತಗ್ಗು ಸ್ವರ ನುಡಿಸುವ ಬೇಸ್ ಗಿಟಾರನ್ನು ಹೊಚ್ಚ ಹೊಸದಾಗಿ ತಯಾರಿಸಿ, ಬಣ್ಣ ಒಣಗುತ್ತಲೇ ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಅಂಚುಗಳಲ್ಲಿ ಚಕ್ಕೆ ಎಬ್ಬಿಸಿ, ಸ್ಕ್ರೂಗಳಿಗೆ ತುಕ್ಕು ಹಿಡಿಸಿ, ಹೀಗೆ ಕೆಡಿಸಿದ ಕೂಲಿಯನ್ನೂ ಬೆಲೆಗೆ ಸೇರಿಸಿ ಮಾರುವ ವ್ಯಾಪಾರಕ್ಕೆ ಮೂವತ್ತು ವರ್ಷ ತುಂಬಿದೆ. ಅಮೆರಿಕದ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ ವಿಭಾಗವು 1995ರಲ್ಲಿ ‘ರೆಲಿಕ್’ ಎಂಬ ಹೆಸರಿನಲ್ಲಿ ಇಂಥ ಗಿಟಾರುಗಳನ್ನು ಹೊರತಂದಾಗ ನಕ್ಕವರಿದ್ದರು. ಅದೇ ಕಂಪನಿಯ, ಅಮೆರಿಕದಲ್ಲೇ ತಯಾರಾದ, ಒಂದು ಕಲೆಯೂ ಇಲ್ಲದ ಪ್ರಿಸಿಷನ್ ಬೇಸ್ ಪಕ್ಕದಲ್ಲೇ ಮಿನುಗುತ್ತಿರುವಾಗ, ಅದರ ಎರಡು ಪಟ್ಟಿಗೂ ಹೆಚ್ಚು ಹಣ ತೆತ್ತು ಸವೆದದ್ದನ್ನೇ ಆರಿಸಿಕೊಳ್ಳುವ ಇಂದಿನ ಗ್ರಾಹಕ ನಗುವ ಸ್ಥಿತಿಯಲ್ಲಿಲ್ಲ. ಅವನು ತಿಂಗಳ ಕಂತು ಕಟ್ಟುತ್ತಿದ್ದಾನೆ.

ಕೆಡಿಸುವುದೆಂದರೆ ಮನಸ್ಸಿಗೆ ಬಂದಂತೆ ಬಡಿಯುವುದೆಂದು ಯಾರೂ ಹಗುರವಾಗಿ ಭಾವಿಸಬಾರದು. ಅದಕ್ಕೊಂದು ಶಾಸ್ತ್ರವಿದೆ. ಬಲಗೈ ಒರಗುವ ಮೇಲಂಚಿನಲ್ಲಿ ಬಣ್ಣ ಹೋಗಿ ಮರ ಕಾಣಬೇಕು. ಬೆನ್ನಿನಲ್ಲಿ ಬೆಲ್ಟಿನ ಬಕಲ್ ತಾಗಿ ತಾಗಿ ಆದಂಥ ಒರಟು ಗುರುತು ಇರಬೇಕು. ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕತ್ತಿನ, ಹಿಂದೆ ಹೆಬ್ಬೆರಳು ಓಡಾಡುವ ದಾರಿಯಲ್ಲಿ ಲ್ಯಾಕರ್ ಎಂಬ ಮೆರುಗುಲೇಪ ಅಳಿಸಿಹೋಗಿರಬೇಕು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ದಶಕಗಳ ಚಳಿಗೂ ಬಿಸಿಲಿಗೂ ಸಿಕ್ಕಿ ಹೇಗೆ ಸಣ್ಣಗೆ ಬಿರಿಯುತ್ತದೆಯೋ ಹಾಗೆಯೇ ಬಿರಿಯಲೆಂದು ಗಿಟಾರಿನ ಒಡಲನ್ನು ಥಟ್ಟನೆ ತಣ್ಣಗಾಗಿಸುತ್ತಾರೆ, ಲೋಹದ ಭಾಗಗಳಿಗೆ ಆಮ್ಲದ ಹಬೆ ಹಿಡಿಯುತ್ತಾರೆ. ಈ ಕೆಲಸ ಮಾಡುವವರು ನಿಜಕ್ಕೂ ನುರಿತ ಕಸಬುದಾರರು; ಅವರ ಕೈಚಳಕದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಒಬ್ಬ ವಾದಕ ಅರ್ಧ ಆಯುಷ್ಯವನ್ನು ಹೊಗೆ ತುಂಬಿದ ಕ್ಲಬ್ಬುಗಳಲ್ಲೂ ಮದುವೆ ಮಂಟಪಗಳಲ್ಲೂ ಕಳೆದು ಸುರಿಸಿದ ಬೆವರನ್ನು ಅವರು ಕಾರ್ಖಾನೆಯ ಪಾಳಿಯೊಳಗೆ, ಊಟದ ವಿರಾಮವನ್ನೂ ಬಿಡದೆ, ಮಾಡಿ ಮುಗಿಸುತ್ತಾರೆ.

ಹಾನಿಗೆ ದರ್ಜೆಗಳೂ ಇವೆ. ಎಲ್ಲಕ್ಕಿಂತ ಕಡಿಮೆ ಪೆಟ್ಟು ತಿಂದವುಗಳ ಸಾಲಿನಲ್ಲಿ ‘ಕ್ಲಾಸೆಟ್ ಕ್ಲಾಸಿಕ್’ ಎಂಬುದೊಂದಿದೆ. ಹಿಂದೆ ಯಾರೋ ಕೊಂಡು, ನಾಲ್ಕು ದಿನ ನುಡಿಸಿ, ಬೀರುವಿನಲ್ಲಿಟ್ಟು ಮರೆತಂತೆ ಕಾಣುವ ಗಿಟಾರು ಇದು. ಇದಕ್ಕೆ ಹವ್ಯಾಸಿಗಳು ಹೆಚ್ಚುವರಿ ಹಣ ಕೊಡುವುದೇಕೆಂದು ನನಗೆ ಅರ್ಥವಾಗಿಲ್ಲ, ಏಕೆಂದರೆ ಈ ದರ್ಜೆಯನ್ನು ಅವರಲ್ಲಿ ಹೆಚ್ಚಿನವರು ಸ್ವಂತ ಪ್ರತಿಭೆಯಿಂದಲೇ, ಖರ್ಚಿಲ್ಲದೆ ಸಾಧಿಸಬಲ್ಲರು. ಅಲ್ಲಿಂದ ಮೇಲಕ್ಕೆ ‘ಜರ್ನಿಮನ್’, ‘ರೆಲಿಕ್’, ‘ಹೆವಿ ರೆಲಿಕ್’ ಎಂದು ಪೆಟ್ಟು ಹೆಚ್ಚುತ್ತ ಹೋಗುತ್ತದೆ. ‘ಹೆವಿ ರೆಲಿಕ್’ ಕೊಳ್ಳುವವನು ಬರಿಯ ವಾದ್ಯವನ್ನು ಕೊಳ್ಳುತ್ತಿಲ್ಲ. ಊರೂರು ಅಲೆದ, ವ್ಯಾನಿನ ಹಿಂಬದಿಯಲ್ಲಿ ಮಲಗಿದ, ಬೆಳಗಿನ ಜಾವ ಮೂರಕ್ಕೆ ಆಂಪ್ಲಿಫೈಯರ್ ಹೊತ್ತು ಮೆಟ್ಟಿಲಿಳಿದ ಒಬ್ಬ ಮನುಷ್ಯನ ಜೀವನಚರಿತ್ರೆಯನ್ನು, ಆ ಮನುಷ್ಯನೊಬ್ಬನನ್ನು ಬಿಟ್ಟು, ಕೊಳ್ಳುತ್ತಿದ್ದಾನೆ.

ಇದನ್ನೆಲ್ಲ ನೋಡಲು ಕಂಪನಿಯ ಸ್ಥಾಪಕ ಲಿಯೋ ಫೆಂಡರ್ ಬದುಕಿಲ್ಲ. 1951ರಲ್ಲಿ ಅವರು ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದದ್ದು, ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದ ವಾದಕರ ಬೆನ್ನು ನೋವನ್ನು ಇಳಿಸಲು. ನೆಕ್ಕಿಗೆ ಫ್ರೆಟ್‌ಗಳೆಂಬ ಲೋಹದ ಅಡ್ಡಪಟ್ಟಿಗಳನ್ನು ಜೋಡಿಸಿದ್ದು, ಬೆರಳಿಟ್ಟ ಕಡೆ ಸ್ವರ ತಪ್ಪದಿರಲಿ ಎಂದು. ಅವರ ಪಾಲಿಗೆ ಅದು ದುಡಿಯುವವರ ಉಪಕರಣ. ನೆಕ್ಕನ್ನು ಒಡಲಿಗೆ ಅಂಟಿನಿಂದ ಕೂಡಿಸದೆ ಸ್ಕ್ರೂಗಳಿಂದ ಬಿಗಿದದ್ದರ ಹಿಂದೆ, ಅದು ಸವೆದಾಗ ಬಿಚ್ಚಿ ಬಿಸಾಡಿ ಬೇರೊಂದನ್ನು ಕೂರಿಸಬಹುದೆಂಬ ಲೆಕ್ಕವೂ ಇತ್ತು. ಸವೆತವೆಂಬುದು ರಿಪೇರಿ ಮಾಡಬೇಕಾದ ದೋಷವೆಂದು ತಿಳಿದಿದ್ದ ಆ ಸರಳ ಜೀವಿಗೆ, ಮುಂದೊಂದು ದಿನ ತನ್ನದೇ ಹೆಸರು ಹೊತ್ತ ಕಾರ್ಖಾನೆಯಲ್ಲಿ ಸವೆದ ನೆಕ್ಕಿಗೇ ಹೆಚ್ಚು ಬೆಲೆ ಬರುವುದೆಂದು ಹೊಳೆದಿರಲಿಕ್ಕಿಲ್ಲ. ಅಂದಹಾಗೆ, ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಂದಿನ ಗ್ರಾಹಕವರ್ಗವು ಅವರ ನಿಜವಾದ ವಾರಸುದಾರನಾಗಿದೆ.

ಹೆಚ್ಚು ಪೂಜೆಗೊಳ್ಳುವ ಸವೆತ ಯಾರದೆಂದು ಕೇಳಿದರೆ ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್ ಅವರ ಹೆಸರು ಬರುತ್ತದೆ. ಅರವತ್ತರ ದಶಕದಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಸ್ಟುಡಿಯೋದಲ್ಲಿ ಕುಳಿತು, 1962ರ ಒಂದು ಪ್ರಿಸಿಷನ್ ಬೇಸಿನಲ್ಲಿ, ಬಲಗೈಯ ತೋರುಬೆರಳೊಂದರಿಂದಲೇ ಮೀಟಿ, ಅವರು ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದರು. ಕಂಪನಿಯ ಆಲ್ಬಮ್ಮುಗಳ ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚಾಗತೊಡಗಿದ್ದು 1971ರಲ್ಲಿ. 1983ರಲ್ಲಿ ಕಂಪನಿಯು ತನ್ನ ಇಪ್ಪತ್ತೈದರ ಸಂಭ್ರಮವನ್ನು ಟೆಲಿವಿಷನ್ನಿಗಾಗಿ ಅದ್ಧೂರಿಯಾಗಿ ಆಚರಿಸಿದಾಗ ಜೇಮರ್ಸನ್ ವೇದಿಕೆಯ ಮೇಲಿರಲಿಲ್ಲ, ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದರು. ಅದೇ ವರ್ಷ ಅವರ ಬೇಸ್ ಕಳುವಾಯಿತು; ಕೆಲವೇ ದಿನಗಳಲ್ಲಿ ಅವರೂ ತೀರಿಕೊಂಡರು. ಮನುಷ್ಯ ಬದುಕಿದ್ದಾಗ ಬಹುಕಾಲ ಹೆಸರು ಅಚ್ಚು ಹಾಕಲು ಸಿಗದಿದ್ದ ಜಾಗ ಈಗ ಧಾರಾಳವಾಗಿ ಸಿಕ್ಕಿದೆ. ಅವರು ಬಳಸುತ್ತಿದ್ದ ಬಗೆಯ ತಂತಿಗಳನ್ನು ತಯಾರಿಸುವ ಲಾ ಬೆಲ್ಲಾ ಕಂಪನಿ ಇಂದಿಗೂ ಅವರ ಹೆಸರಿನಲ್ಲೇ ಸೆಟ್ಟುಗಳನ್ನು ಮಾರುತ್ತಿದೆ. ತಂತಿ ಹರಿದ ಹೊರತು ಬದಲಿಸಿದವರಲ್ಲ ಜೇಮರ್ಸನ್. ವರ್ಷಗಟ್ಟಲೆಯ ಕೊಳೆಯಲ್ಲೇ ನಾದವಿದೆ ಎಂದು ನಂಬಿದ್ದವರು. ತಂತಿ ಕೊಳ್ಳದೆ ಕಾಲ ಹಾಕಿದ ಕಲಾವಿದನ ಹೆಸರಿನಲ್ಲಿ ತಂತಿ ಮಾರುವುದು ಸಾಮಾನ್ಯ ವ್ಯಾಪಾರಿಯ ಕೈಲಾಗುವ ಕೆಲಸವಲ್ಲ.

ಭಕ್ತರೂ ಹಿಂದೆ ಬಿದ್ದಿಲ್ಲ. ಅದೇ ತಂತಿ, ಅದೇ ದಪ್ಪ, ತಂತಿಯ ಅನುರಣನ ತಗ್ಗಿಸಲು ಬುಡದಲ್ಲಿ ತಂತಿಗಳಿಗೆ ಆಸರೆಯಾದ ಬ್ರಿಡ್ಜಿನ ಮುಚ್ಚಳದೊಳಗೆ ಆಗ ಉಚಿತವಾಗಿ ಬರುತ್ತಿದ್ದ ಸ್ಪಂಜಿನ ತುಂಡನ್ನು ಈಗ ಪ್ರತ್ಯೇಕ ಉಪಕರಣವಾಗಿ ದುಡ್ಡು ಕೊಟ್ಟು ತರಿಸಿದ್ದು, ಎಲ್ಲವೂ ಆಗಿದೆ. ಆ ತೋರುಬೆರಳು ಮಾತ್ರ ಇನ್ನೂ ಯಾವ ಕ್ಯಾಟಲಾಗಿನಲ್ಲೂ ಬಂದಿಲ್ಲ. ಬಂದ ದಿನ ಮೊದಲ ಬುಕಿಂಗ್ ನಮ್ಮವರದೇ.

ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರದು ಇನ್ನೊಂದು ಕಥೆ. ಫೆಂಡರ್ ಕಂಪನಿಯದೇ 1962ರ ‘ಜಾಝ್ ಬೇಸ್’ ಒಂದು, ಫ್ರೆಟ್‌ಗಳಿಲ್ಲದ ಫಿಂಗರ್‌ಬೋರ್ಡು (ಬೆರಳೊತ್ತುವ ಮರದ ಪಟ್ಟಿ), ಮರ ಸವೆಯದಿರಲೆಂದು ಅದರ ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಎಂಬ ಗಟ್ಟಿ ಲೇಪ. ಇದು ಫ್ಲೋರಿಡಾದಲ್ಲಿ ಬೆಳೆದ, ಕೈಯಲ್ಲಿ ಹೆಚ್ಚು ಕಾಸಿಲ್ಲದ ಹುಡುಗ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡ ಏರ್ಪಾಡು. 1986ರಲ್ಲಿ ಆ ಬೇಸ್ ಕಳುವಾಯಿತು, ಮರುವರ್ಷ ಜಾಕೋ ತೀರಿಕೊಂಡರು, ಬಹಳ ವರ್ಷಗಳ ನಂತರ ಬೇಸ್ ಸಿಕ್ಕಿತು. ಆ ಸಂಕಟವನ್ನು ಚಕ್ಕೆ ಚಕ್ಕೆಯಾಗಿ ಅನುಕರಿಸಿದ ಬೇಸ್ ಈಗ ಕಸ್ಟಮ್ ಶಾಪಿನಿಂದ ಪೆಟ್ಟಿಗೆ ಸಮೇತ ಬರುತ್ತದೆ. ಬಡತನದಲ್ಲಿ ಹುಟ್ಟಿದ ಉಪಾಯವನ್ನು ಕೊಳ್ಳಲು ಬಡವರಿಂದ ಆಗುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ನಾದದ ವಿಷಯಕ್ಕೆ ಬರೋಣ, ಏಕೆಂದರೆ ಯಾರೂ ತಾವು ನೋಟಕ್ಕಾಗಿ ಹಣ ಸುರಿದೆವೆಂದು ಒಪ್ಪುವುದಿಲ್ಲ. ತೆಳುವಾದ ನೈಟ್ರೋ ಲ್ಯಾಕರ್ ಸವೆದಷ್ಟೂ ಮರ ಉಸಿರಾಡುತ್ತದೆ, ಉಸಿರಾಡಿದಷ್ಟೂ ನಾದ ಬಿಚ್ಚಿಕೊಳ್ಳುತ್ತದೆ ಎಂಬುದು ಈ ಪಂಥದ ಮೂಲಮಂತ್ರ. ಕಡಿದು, ಕೊಯ್ದು, ಒಲೆಯಲ್ಲಿ ಒಣಗಿಸಿದ ಆಲ್ಡರ್ ಮರದ ಹಲಗೆಯು ಕೊನೆಯ ಬಾರಿ ಉಸಿರಾಡಿದ್ದು ಯಾವಾಗ ಎಂದು ಕೇಳುವುದು ಅಸಭ್ಯತೆ. ಬೇಸ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತಲಿನ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅಷ್ಟೇ. ಬೆನ್ನಿನ ಮೇಲಿನ ಬಕಲ್ ಗುರುತನ್ನು ನೋಡಲು ಅದಕ್ಕೆ ಕಣ್ಣಿಲ್ಲ. ಇಷ್ಟೆಲ್ಲ ಆಗಿ ದಪ್ಪ ಇ ತಂತಿಯನ್ನು ಎಲ್ಲೂ ಬೆರಳೊತ್ತದೆ ಮೀಟಿದರೆ ಹೊರಡುವುದು ಸೆಕೆಂಡಿಗೆ 41 ಕಂಪನಗಳ ಸ್ವರ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಸಂಗೀತ ಕೇಳುವ ಮೊಬೈಲಿನ ಪುಟ್ಟ ಸ್ಪೀಕರಿನಿಂದ ಆ ಸ್ವರ ಹೊರಗೆ ಬರುವುದೇ ಇಲ್ಲ. ಅದರ ಮೇಲಿನ ಅನುಸ್ವರಗಳನ್ನು ಕೇಳಿ, ಕೆಳಗಿನದೂ ಇದ್ದಿರಬೇಕೆಂದು ಮಿದುಳೇ ಊಹಿಸಿಕೊಳ್ಳುತ್ತದೆ. ಬೇಸ್ ರಸಿಕನು ಹೀಗೆ ಮೊದಲೇ ಅರ್ಧ ಕಲ್ಪನೆಯಲ್ಲಿ ಬದುಕುವವನು. ಉಳಿದರ್ಧವನ್ನು ಅವನಿಗೆ ಮಾರುವುದು ಕಷ್ಟವಲ್ಲ.

ಈ ಕಥೆಯಲ್ಲಿ ನಮ್ಮ ಕಡೆಯದೂ ಒಂದು ಪಾಲಿದೆ. ಗೀರಿಗೆ ಗೀರು ನಕಲು ಮಾಡಬಲ್ಲವರು 1962ರ ಮರವನ್ನು ಮಾತ್ರ ನಕಲು ಮಾಡಲಾರರು. ಆಗ ಫಿಂಗರ್‌ಬೋರ್ಡಿಗೆ ಬಳಸುತ್ತಿದ್ದ ಬ್ರೆಜಿಲಿನ ರೋಸ್‌ವುಡ್ಡಿನ ವ್ಯಾಪಾರವನ್ನು ಅಳಿವಿನಂಚಿನ ಜೀವಿಜಾತಿಗಳನ್ನು ಕಾಪಾಡುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು 1992ರಲ್ಲಿ ಬಹುಮಟ್ಟಿಗೆ ನಿಲ್ಲಿಸಿತು. ಆ ಜಾಗಕ್ಕೆ ಬಂದಿರುವುದು ಭಾರತದ ರೋಸ್‌ವುಡ್, ಅಂದರೆ ಕೊಡಗಿನಲ್ಲೂ ಮಲೆನಾಡಿನಲ್ಲೂ ಬೆಳೆಯುವ ನಮ್ಮ ಬೀಟೆ. ತೋಟದೊಳಗೆ ತಾನಾಗಿ ಬೆಳೆದ ಬೀಟೆಯನ್ನು ಕಡಿಯಲು ನಮ್ಮ ಬೆಳೆಗಾರ ಅರಣ್ಯ ಇಲಾಖೆಯ ಅನುಮತಿಗಾಗಿ ಅರ್ಜಿ ಹಿಡಿದು ಅಲೆಯುತ್ತಾನೆ. ಅತ್ತ ಅಮೆರಿಕದಲ್ಲಿ ಅದೇ ಜಾತಿಯ ಮರದ ಪಟ್ಟಿಯ ಮೇಲೆ, ಎಂದೂ ಅಲ್ಲಿ ಓಡಾಡದ ಬೆರಳುಗಳ ಸವೆತವನ್ನು ಸೃಷ್ಟಿಸಲಾಗುತ್ತದೆ. 2017ರ ಜನವರಿಯಿಂದ ಸೈಟೀಸ್ ಎಲ್ಲ ರೋಸ್‌ವುಡ್ಡುಗಳಿಗೂ ಪರವಾನಗಿ ಪತ್ರ ಕಡ್ಡಾಯ ಮಾಡಿದಾಗ, ಫೆಂಡರ್ ತನ್ನ ಮೆಕ್ಸಿಕೋ ತಯಾರಿಕೆಯ ಗಿಟಾರುಗಳಿಗೆ ಪಾವ್ ಫೆರೋ ಎಂಬ ದಕ್ಷಿಣ ಅಮೆರಿಕದ ಮರವನ್ನು ಹಾಕಿತು. ಬಣ್ಣ ತುಸು ತಿಳಿ, ಅಷ್ಟೇ ವ್ಯತ್ಯಾಸ. ಅಲ್ಲಿಯವರೆಗೆ ತಾವು ನುಡಿಸುತ್ತಿರುವುದು ಯಾವ ಮರವೆಂದು ಬಗ್ಗಿ ನೋಡದವರೂ ಬೀಟೆಯ ತಂಪು ನಾದ ಹೋಯಿತೆಂದು ಶೋಕಿಸತೊಡಗಿದರು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ತಂಪೂ ಮರಳಿತು.

ನಮ್ಮ ಬೆಂಗಳೂರಿನ ಹವ್ಯಾಸಿಯನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಅವನದು ಅಪಾರ್ಟ್‌ಮೆಂಟಿನ ಬದುಕು. ಕೆಳಮನೆಯವರು ವಾಟ್ಸಾಪ್ ಗುಂಪಿನಲ್ಲಿ ದೂರು ಕೊಡುತ್ತಾರೆಂದು ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಾನೆ. ನುಡಿಸುವುದಕ್ಕಿಂತ ಹೆಚ್ಚು ಹೊತ್ತು ಹೋಲಿಕೆಯ ವಿಡಿಯೋ ನೋಡುತ್ತಾನೆ. ಗೋಡೆಗೆ ನಾಲ್ಕು ಬೇಸುಗಳು ತೂಗುತ್ತಿದ್ದರೂ ತನ್ನ ಸಂಗೀತ ಮುಂದೆ ಸಾಗದಿರುವುದಕ್ಕೆ ಐದನೆಯದು ಇಲ್ಲದಿರುವುದೇ ಕಾರಣವೆಂದು ಪ್ರಾಮಾಣಿಕವಾಗಿ ನಂಬಿದ್ದಾನೆ. ಇವನ ಪಾಲಿಗೆ ರೆಲಿಕ್ ಬೇಸ್ ಒಂದು ವರದಾನ. ಇಷ್ಟು ಹೊತ್ತು ಅದನ್ನು ಟೀಕಿಸಿದ ನಾನೂ ಅದರ ಉಪಯೋಗಗಳನ್ನು ಒಪ್ಪಲೇಬೇಕು. ಮನೆಯಲ್ಲಿ ಹೆಂಡತಿ ‘ಇದು ಯಾವಾಗ ಬಂತು’ ಎಂದು ಕೇಳಿದರೆ, ‘ಅಯ್ಯೋ, ಹಳೇದು ಕಣೇ, ನೋಡಿದ್ರೆ ಗೊತ್ತಾಗಲ್ವಾ, ಮೇಲಿನ ಅಟ್ಟದಲ್ಲಿತ್ತು’ ಎನ್ನಬಹುದು. ಹೊಳೆಯುವ ಗಿಟಾರು ಈ ಸೇವೆಯನ್ನು ಮಾಡಲಾರದು. ಊರಿನಿಂದ ಬಂದ ತಾಯಿಯ ಕಣ್ಣಿಗೆ ಮಾತ್ರ ಮಣ್ಣೆರಚುವುದು ಕಷ್ಟ. ಬೆಲೆ ಕೇಳಿ, ವಾದ್ಯವನ್ನು ತಿರುಗಿಸಿ ಬೆನ್ನಿನ ಗೀರುಗಳನ್ನು ನೋಡಿ, ‘ಯಾರೋ ನಿನಗೆ ಚೆನ್ನಾಗಿ ಟೋಪಿ ಹಾಕಿದಾರೆ ಮಗ, ಬಿಲ್ ಇದ್ರೆ ವಾಪಸ್ ಕೊಟ್ಟು ಒಳ್ಳೇದು ತಗೊಂಡು ಬಾ’ ಎಂದು ಆ ತಾಯಿ ಹೇಳುವ ಮಾತಿಗೆ ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ಉತ್ತರ ಸಿಗುವುದಿಲ್ಲ.

ಎರಡನೆಯ ಉಪಯೋಗ ವಿಮಾನ ನಿಲ್ದಾಣದಲ್ಲಿ. ರಜೆಗೆ ಬರುವ ಗೆಳೆಯನ ಕೈಯಲ್ಲಿ ಅಮೆರಿಕದಿಂದ ಬೇಸ್ ತರಿಸಿದಾಗ ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿದರೆ, ‘ಕಾಲೇಜಿನಿಂದ ನುಡಿಸ್ತಾ ಇದೀನಿ ಸಾರ್’ ಎಂದು ಗೆಳೆಯ ಹೇಳಬಹುದು, ಸಾಕ್ಷಿಗೆ ತುಕ್ಕು ಹಿಡಿದ ಸ್ಕ್ರೂಗಳಿವೆ. ಆದರೆ ಸಂಗೀತ ಬಲ್ಲ ಅಧಿಕಾರಿಯೊಬ್ಬ ಪೆಟ್ಟಿಗೆಯ ಒಳಜೇಬಿಗೆ ಕೈ ಹಾಕಿದನೆಂದರೆ ಕಥೆ ಮುಗಿಯಿತು. ಅಲ್ಲಿ ಕಸ್ಟಮ್ ಶಾಪಿನ ಪ್ರಮಾಣಪತ್ರವಿರುತ್ತದೆ: ಈ ವಾದ್ಯವು ನಮ್ಮಲ್ಲೇ ತಯಾರಾದ ಅಸಲಿ ವಾದ್ಯ ಎಂಬುದಕ್ಕೆ. ಗೀರುಗಳ ಯೋಗ್ಯತೆಯೆಲ್ಲ ನಿಂತಿರುವುದು ಆ ಕಾಗದದ ಮೇಲೆ. ಅದಿಲ್ಲದಿದ್ದರೆ ಅದೊಂದು ಹಾಳಾದ ಗಿಟಾರು. ಅದಿದ್ದರೆ ಅದೇ ಹಾಳು ಆಸ್ತಿ.

ಆಸ್ತಿಯಾದ ಮೇಲೆ ಕಾಪಾಡಲೇಬೇಕು. ಆದ್ದರಿಂದಲೇ ಸವೆದ ಬೇಸಿಗೆ ಗಟ್ಟಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತೇವಾಂಶ ಹೀರುವ ಪೊಟ್ಟಣಗಳು, ಒರೆಸಲು ಮೆತ್ತನೆಯ ಬಟ್ಟೆ, ನೈಟ್ರೋ ಲ್ಯಾಕರಿಗೆ ರಬ್ಬರ್ ತಾಗಿದರೆ ಕಲೆಯಾಗುತ್ತದೆಂದು ಬೇರೆಯದೇ ಸ್ಟ್ಯಾಂಡು. ನುಡಿಸುವಾಗ ಬೆಲ್ಟ್ ಹಾಕುವಂತಿಲ್ಲ, ಏಕೆಂದರೆ ಕಾರ್ಖಾನೆಯವರು ಅಷ್ಟು ಕಲಾತ್ಮಕವಾಗಿ ಮೂಡಿಸಿದ ಬಕಲ್ ಗುರುತಿನ ಮೇಲೆ ನಿಜವಾದ ಬಕಲ್ ತಾಗಿಬಿಟ್ಟರೆ ಗತಿಯೇನು? ಕೊನೆಗೆ ಆರನೆಯದನ್ನು ಕೊಳ್ಳಲೆಂದು ಐದನೆಯದನ್ನು ಮಾರುವ ಹೊತ್ತು ಬಂದಾಗ ಜಾಹೀರಾತು ಹೆಚ್ಚುಕಡಿಮೆ ಹೀಗಿರುತ್ತದೆ: ಹೆವಿ ರೆಲಿಕ್ ಪ್ರಿಸಿಷನ್ ಬೇಸ್, ಒಬ್ಬರೇ ಮಾಲೀಕರು, ಸಿಗರೇಟಿನ ಹೊಗೆ ಸೋಕದ ಮನೆ, ವೇದಿಕೆಯಲ್ಲಿ ಒಮ್ಮೆಯೂ ನುಡಿಸಿಲ್ಲ, ಪೆಟ್ಟಿಗೆ ಮತ್ತು ಪ್ರಮಾಣಪತ್ರ ಜೊತೆಗಿದೆ. ಕಾರ್ಖಾನೆಯ ಗೀರುಗಳ ಹೊರತು ಬೇರೆ ಗೀರುಗಳಿಲ್ಲ. ಕೆಳಗಿನ ಬಲಮೂಲೆಯಲ್ಲಿ, ಬಾಗಿಲಿಗೆ ತಾಗಿ ಎದ್ದ ಕಡಲೆಯಷ್ಟು ದೊಡ್ಡ ಒಂದು ಚಕ್ಕೆ ಮಾತ್ರ ನನ್ನಿಂದ ಆದದ್ದು. ಅದಕ್ಕಾಗಿ ಬೆಲೆಯಲ್ಲಿ ರಿಯಾಯಿತಿ ಕೊಡಲಾಗುವುದು.