ಲುಮೆನ್ ಒಂದನ್ನೇ ನೋಡಿ ಟಾರ್ಚ್ ಕೊಳ್ಳಬೇಡಿ

ಟಾರ್ಚ್ ಕೊಳ್ಳುವ ಬಗ್ಗೆ ಬಂದ ಲೇಖನವೊಂದರ 'ಲುಮೆನ್ ಹೆಚ್ಚಿದ್ದಷ್ಟೂ ಟಾರ್ಚ್ ಒಳ್ಳೆಯದು' ಎಂಬ ಮಾತನ್ನು ಸಕಲೇಶಪುರದ ಕಡೆಯ ನಾವು ಒಪ್ಪಲಾರೆವು. ಲುಮೆನ್ ಅಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು, ಅಷ್ಟೇ. ಬೆಳಕು ದೂರ ಹೋಗುತ್ತದೋ ಇಲ್ಲವೋ ತಿಳಿಯಲು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಬೀಳುವ ಬೆಳಕಿನ ತೀವ್ರತೆಯ ಅಳತೆ, ನೋಡಬೇಕು. ಡಬ್ಬಿಯ ಮೇಲಿನ ದೂರ ಕೂಡ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆಯ ಮಟ್ಟಕ್ಕೆ ಇಳಿಯುವ ಜಾಗದವರೆಗಿನ ಲೆಕ್ಕ. ತೋಟದ ಅಂಚಿನಲ್ಲಿ ನಿಂತಿರುವುದು ಆನೆಯೋ ಬಂಡೆಯೋ ಗೊತ್ತಾಗಬೇಕಾದರೆ ಅದರ ಅರ್ಧ ದೂರವನ್ನಷ್ಟೇ ನಂಬಿ. ಆನೆಯೇ ಆಗಿದ್ದರೆ ಕಣ್ಣಿಗೆ ಬೆಳಕು ಬಿಡದೆ ಹಿಂದೆ ಸರಿಯಿರಿ.

ಲೇಖನ ಬಣ್ಣದ ವಿಷಯವನ್ನೇ ಬಿಟ್ಟಿದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ನೀಲಿ ಛಾಯೆಯ ಅಗ್ಗದ ಎಲ್‌ಇಡಿ ಬೆಳಕಲ್ಲಿ ದರಗೂ ಮಣ್ಣೂ ಒಂದೇ ಬೂದಿ ಬಣ್ಣ. ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದಕ್ಕೆ 100ರವರೆಗಿನ ಅಂಕ) 90ಕ್ಕೂ ಮೇಲಿದ್ದು, 4000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಆಸುಪಾಸಿನ ಬೆಳಕಾದರೆ ಕಂದು ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ. ಕಾಫಿ ಗಿಡದ ಬುಡದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿದ್ದರೆ ಕಾಲಿಡುವ ಮೊದಲೇ ಕಣ್ಣಿಗೆ ಬೀಳಬೇಕಲ್ಲ! ಇದಕ್ಕೆ ಲುಮೆನ್ ಸ್ವಲ್ಪ ಕಮ್ಮಿಯಾದರೂ ಚಿಂತೆಯಿಲ್ಲ.

ಮಂಜಿನಲ್ಲಂತೂ ಹೆಚ್ಚು ಬೆಳಕು ವಾಪಸ್ ಮುಖಕ್ಕೇ ಹೊಡೆಯುತ್ತದೆ. ತಲೆಗೆ ಕಟ್ಟಿದ ಹೆಡ್‌ಲ್ಯಾಂಪ್ ಬಿಚ್ಚಿ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ, ದಾರಿ ಚೆನ್ನಾಗಿ ಕಾಣುತ್ತದೆ.

ಅಂಗೈಯಗಲದ ಟಾರ್ಚಿಗೆ ಸಾವಿರಾರು ಲುಮೆನ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಟರ್ಬೊ ಮೋಡಿನ, ಅಂದರೆ ಸ್ವಲ್ಪ ಹೊತ್ತು ಮಾತ್ರ ಸಿಗುವ ಗರಿಷ್ಠ ಬೆಳಕಿನ ಅಂಕಿ. ಕೆಲವೇ ನಿಮಿಷದಲ್ಲಿ ಬಿಸಿಯಾಗಿ ತಾನೇ ಇಳಿಯುತ್ತದೆ. ಹಾಸನದ ಅಂಗಡಿಯಲ್ಲಿ ಕೊಳ್ಳುವಾಗ 18650 ಅಥವಾ 21700 ಅಳತೆಯ, ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ ಬಿಚ್ಚಿ ಬದಲಿಸಬಹುದೇ ಎಂದು ಕೇಳಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದಾಗ ಚಾರ್ಜ್ ಮಾಡಿಟ್ಟ ಇನ್ನೊಂದು ಸೆಲ್ಲೇ ಆಧಾರ.